ಬೆಲ್ಟ್ ಕೇಳುವ ಮೊದಲು ಪುಲ್ಲಿ ಅಳೆಯಿರಿ

ಪ್ರಶ್ನೆ: ನಾನು ಮೈಸೂರಿನವನು. ನಿವೃತ್ತಿಯಾದ ಮೇಲೆ ಹವ್ಯಾಸಕ್ಕೆಂದು ಮರ ಕಡೆಯುವ ಹಳೆಯ ಸಣ್ಣ ಲೇತ್ ಕೊಂಡೆ. ಅರ್ಧ ಎಚ್‌ಪಿ ಮೋಟರ್, 1440 ಆರ್‌ಪಿಎಂ, ನಾಲ್ಕು ಮೆಟ್ಟಿಲಿನ ಪುಲ್ಲಿ (ಬೆಲ್ಟ್ ಓಡುವ, ಬೇರೆ ಬೇರೆ ವ್ಯಾಸದ ನಾಲ್ಕು ಗಾಲಿ ಒಟ್ಟಿಗಿರುವುದು). ಬುಗುರಿ, ಲಟ್ಟಣಿಗೆ ಕಡೆಯುವಾಗ ಏನೂ ತೊಂದರೆ ಇಲ್ಲ. ಹಲಸಿನ ಮರದ 8 ಇಂಚಿನ ಬಟ್ಟಲಿಗೆ ಕೈ ಹಾಕಿದರೆ, ಅದೂ ಅತಿ ನಿಧಾನದ ವೇಗದಲ್ಲಿ, ಬೆಲ್ಟ್ ಜಾರುತ್ತದೆ. ಸುಟ್ಟ ರಬ್ಬರಿನ ವಾಸನೆ, ಪುಲ್ಲಿ ಕೆಳಗೆ ಕಪ್ಪು ಪುಡಿ. ಹಳೇ ಬೆಲ್ಟ್ ಮೇಲಿನ ಅಕ್ಷರ ಅಳಿಸಿಹೋಗಿತ್ತು. ಅಂಗಡಿಯಲ್ಲಿ ಎ ಸೆಕ್ಷನ್ (ಬೆಲ್ಟಿನ ಅಗಲ-ದಪ್ಪದ ಒಂದು ಸೈಜು) ಬೆಲ್ಟ್ ಕೊಟ್ಟರು. ಒಬ್ಬ ಸ್ನೇಹಿತರು ಹಲ್ಲಿನ ಟೈಮಿಂಗ್ ಬೆಲ್ಟ್ ಹಾಕಿಬಿಡಿ, ಜಾರುವ ಮಾತೇ ಇರಲ್ಲ ಅನ್ನುತ್ತಾರೆ. ಇನ್ನೊಬ್ಬರು ವಾಷಿಂಗ್ ಮೆಷಿನ್ನಿನ ಗೆರೆಗೆರೆ ಬೆಲ್ಟ್ ಅನ್ನುತ್ತಾರೆ. ಯಾವುದು ಹಾಕಲಿ? ಅಳತೆ ಮತ್ತು ಫೋಟೋ ಜೊತೆಗಿವೆ.

ಉತ್ತರ: ಅಳತೆ ಕಳಿಸಿದ್ದಕ್ಕೆ ಮೊದಲು ಥ್ಯಾಂಕ್ಸ್. ಹೆಚ್ಚಿನವರು ಹಳೇ ಬೆಲ್ಟಿನ ಫೋಟೋ ಕಳಿಸಿ ಸುಮ್ಮನಾಗುತ್ತಾರೆ. ನೀವು ಪುಲ್ಲಿಯ ಗ್ರೂವ್‌ಗೆ, ಅಂದರೆ ಬೆಲ್ಟ್ ಕೂರುವ ಕಾಲುವೆಗೆ, ವರ್ನಿಯರ್ ಇಟ್ಟು, ಬಾಯಿ ಅಗಲ 10 ಮಿ.ಮೀ. ಅಂತ ಬರೆದಿದ್ದೀರಿ. ಉತ್ತರ ಅಲ್ಲೇ ಇದೆ. ನಿಮ್ಮ ಪುಲ್ಲಿ ಝಡ್ ಸೆಕ್ಷನ್ನಿನದು. ಹಾಕಿರುವ ಬೆಲ್ಟ್ ಎ ಸೆಕ್ಷನ್. ಜಾರದೆ ಇನ್ನೇನು ಮಾಡುತ್ತದೆ ಹೇಳಿ.

ಝಡ್ ಬೆಲ್ಟ್ ಮೇಲ್ಭಾಗದಲ್ಲಿ 10 ಮಿ.ಮೀ. ಅಗಲ, 6 ಮಿ.ಮೀ. ದಪ್ಪ. ಎ ಬೆಲ್ಟ್ 13 ಅಗಲ, 8 ದಪ್ಪ. ಬಿ ಇನ್ನೂ ದೊಡ್ಡದು, 17 ಮತ್ತು 11. ಇವೆಲ್ಲ ವಿ ಆಕಾರದ ವಿ-ಬೆಲ್ಟುಗಳು. ವಿ-ಬೆಲ್ಟ್ ಹಿಡಿಯುವುದು ತನ್ನ ಎರಡು ಪಕ್ಕೆಗಳಿಂದ. ಎಳೆದಷ್ಟೂ ಗ್ರೂವ್‌ನೊಳಗೆ ಬೆಣೆಯ ಹಾಗೆ ಕೂತು ಬಿಗಿಯಾಗುತ್ತದೆ. ಹಾಗಾಗಬೇಕಾದರೆ ಪಕ್ಕೆ ಪೂರ್ತಿ ಒಳಗಿರಬೇಕು. ನಿಮ್ಮ 10 ಮಿ.ಮೀ. ಬಾಯಿಯ ಗ್ರೂವ್‌ಗೆ 13 ಮಿ.ಮೀ. ಬೆಲ್ಟ್ ಹಾಕಿದರೆ ಅದು ಸುಮಾರು 4 ಮಿ.ಮೀ. ಮಾತ್ರ ಒಳಗಿಳಿಯುತ್ತದೆ. ಉಳಿದರ್ಧ ಹೊರಗೇ ನಿಂತಿರುತ್ತದೆ. ನಿಮ್ಮ ಎರಡನೇ ಫೋಟೋದಲ್ಲಿ ಅದು ಚೆನ್ನಾಗಿ ಕಾಣುತ್ತದೆ: ಪುಲ್ಲಿಯ ಅಂಚಿನಿಂದ ಬೆಲ್ಟ್ ಮೇಲಕ್ಕೆದ್ದಿದೆ, ಅದರ ಪಕ್ಕೆಯಲ್ಲಿ ಒಂದು ಗೆರೆ ಬಿದ್ದಿದೆ. ಗೆರೆಯ ಕೆಳಗೆ ನುಣ್ಣಗೆ ಹೊಳಪು, ಮೇಲೆ ಹೊಸ ಬೆಲ್ಟಿನ ಬಟ್ಟೆ ಹಾಗೇ ಇದೆ. ಕೆಲಸ ಮಾಡಿರುವುದು ಆ ಹೊಳೆಯುವ ಭಾಗ ಮಾತ್ರ.

ಇನ್ನೊಂದು ಕಾರಣವೂ ಇದೆ. ಎ ಬೆಲ್ಟ್ ದಪ್ಪ, ಸಣ್ಣ ಪುಲ್ಲಿಯ ಸುತ್ತ ಬಗ್ಗಲು ಅದಕ್ಕೆ ಇಷ್ಟವಿಲ್ಲ. ಎ ಬೆಲ್ಟಿಗೆ ಕನಿಷ್ಠ 75 ಮಿ.ಮೀ. ಪುಲ್ಲಿ ಬೇಕು, ಝಡ್‌ಗೆ 50 ಸಾಕು. ನಿಮ್ಮ ಮೋಟರಿನ ಅತಿ ಸಣ್ಣ ಮೆಟ್ಟಿಲು ಲೆಕ್ಕಕ್ಕೆ ಬರುವುದು 50 ಮಿ.ಮೀ. ಅಂದರೆ ಅಲ್ಲಿ ಆ ಎ ಬೆಲ್ಟ್ ಪ್ರತಿ ಸುತ್ತಿಗೂ ಬಲವಂತದಿಂದ ಬಗ್ಗುತ್ತಿತ್ತು, ಬಿಸಿಯಾಗುತ್ತಿತ್ತು. ಸುಟ್ಟ ವಾಸನೆಯಲ್ಲಿ ಅದರ ಪಾಲೂ ಇದೆ.

ಅಂಗಡಿಯವರನ್ನು ಬಯ್ಯಬೇಡಿ. ಅವರ ಗೋಡೆಯಲ್ಲಿ ನೇತಾಡುವ ಬೆಲ್ಟುಗಳಲ್ಲಿ ಮುಕ್ಕಾಲು ಪಾಲು ಎ ಮತ್ತು ಬಿ. ಪಂಪು, ಕಂಪ್ರೆಸರ್, ಹಿಟ್ಟಿನ ಗಿರಣಿ ಎಲ್ಲಕ್ಕೂ ಅವೇ ಹೋಗುವುದು. "ಸಣ್ಣ ಮೆಷಿನ್ನಿಗೆ ಬೆಲ್ಟ್ ಕೊಡಿ" ಅಂದರೆ ಕೈ ತಾನಾಗಿ ಎ ಕಡೆ ಹೋಗುತ್ತದೆ. ಅಳತೆ ಹೇಳಬೇಕಾದವರು ನಾವು.

ಈ ಪಾಠ ನಾನು ಕಲಿತದ್ದು ದುಡ್ಡು ಕಳೆದುಕೊಂಡು. ನನ್ನ ಮೊದಲ ಲೇತ್‌ಗೂ ಝಡ್ ಪುಲ್ಲಿಯೇ ಇತ್ತು. ಅಂಗಡಿಯಲ್ಲಿ ಝಡ್ ಇರಲಿಲ್ಲ. "ಎಸ್‌ಪಿಝಡ್ ಇದೆ, ಎರಡೂ ಹತ್ತೇ ಮಿ.ಮೀ., ಇನ್ನೂ ಗಟ್ಟಿ ಮಾಲು" ಅಂದರು. ಅಗಲ ನೋಡಿದರೆ ನಿಜ. ಆದರೆ ಎಸ್‌ಪಿಝಡ್ 8 ಮಿ.ಮೀ. ದಪ್ಪ. ನನ್ನ ಅಗ್ಗದ ಎರಕದ ಪುಲ್ಲಿಯ ಗ್ರೂವ್ ಆಳ ಅಷ್ಟು ಕೂಡ ಇರಲಿಲ್ಲ. ಬೆಲ್ಟ್ ನೋಡಲು ಸರಿಯಾಗಿ ಕೂತ ಹಾಗೇ ಇತ್ತು, ಆದರೆ ತಳಕ್ಕೆ ತಾಗಿ ಕೂತಿತ್ತು. ತಳ ತಾಗಿದರೆ ಬೆಣೆಯ ಹಿಡಿತ ಹೋಯಿತು, ಬರೀ ಚಪ್ಪಟೆ ಪಟ್ಟಿ ಉರುಳಿದ ಹಾಗೆ. ಎರಡು ತಿಂಗಳು ಬಿಗಿ ಮಾಡಿದ್ದೇ ಮಾಡಿದ್ದು, ಕೊನೆಗೆ ಮೋಟರಿನ ಬೇರಿಂಗ್ ಕಿರುಗುಟ್ಟಲು ಶುರುವಾಯಿತು. ಪುಲ್ಲಿ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಗ್ರೂವ್ ತಳ ಕನ್ನಡಿ ಹಾಗೆ ಹೊಳೆಯುತ್ತಿತ್ತು. ನೀವೂ ಒಮ್ಮೆ ನೋಡಿ. ತಳ ಕಪ್ಪಗೆ, ಮಂಕಾಗಿ ಇರಬೇಕು. ಪಕ್ಕದ ಗೋಡೆಗಳು ಹೊಳೆಯಬೇಕು. ತಳ ಹೊಳೆಯುತ್ತಿದ್ದರೆ ಬೆಲ್ಟ್ ತಪ್ಪು, ಇಲ್ಲವೇ ಪುಲ್ಲಿ ಸವೆದುಹೋಗಿದೆ. ಹೊಸ ಝಡ್ ಬೆಲ್ಟ್ ಕೂರಿಸಿದಾಗ ಅದರ ಬೆನ್ನು ಪುಲ್ಲಿಯ ಅಂಚಿಗೆ ಹೆಚ್ಚುಕಡಿಮೆ ಸಮವಾಗಿರಬೇಕು.

ಈಗ ಉದ್ದ. ಹಳೇ ಬೆಲ್ಟಿಗೆ ದಾರ ಸುತ್ತಿ ಅಳೆಯುವವರಿದ್ದಾರೆ. ಹಳೇದು ಹಿಗ್ಗಿರುತ್ತದೆ, ಅದೇ ತಪ್ಪು ಸೈಜಿನದೂ ಆಗಿರಬಹುದು. ಪುಲ್ಲಿಯಿಂದಲೇ ಲೆಕ್ಕ ಹಾಕೋಣ, ಕಷ್ಟವೇನಿಲ್ಲ.

ನೀವು ಕೊಟ್ಟ ಹೊರ ಅಳತೆಗಳು: ಮೋಟರ್ ಕಡೆ 55, 70, 85, 100. ಸ್ಪಿಂಡಲ್ (ಮರ ತಿರುಗಿಸುವ ಶಾಫ್ಟ್) ಕಡೆ 115, 100, 85, 70. ಬೆಲ್ಟಿನೊಳಗೆ ಭಾರ ಎಳೆಯುವ ದಾರ ಇರುವುದು ಪುಲ್ಲಿಯ ಅಂಚಿನಿಂದ ಸ್ವಲ್ಪ ಒಳಗೆ. ಅದಕ್ಕೆ ಝಡ್‌ನಲ್ಲಿ ವ್ಯಾಸದಿಂದ ಸುಮಾರು 5 ಮಿ.ಮೀ. ಕಳೆಯಿರಿ. ಮೊದಲ ಜೋಡಿ 50 ಮತ್ತು 110 ಆಯಿತು. ಎರಡು ಶಾಫ್ಟ್‌ಗಳ ನಡುವಿನ ದೂರ 280 ಅಂದಿದ್ದೀರಿ. ಆ ದೂರದ ಎರಡರಷ್ಟು 560. ವ್ಯಾಸಗಳ ಮೊತ್ತ 160, ಅದನ್ನು 1.57ರಿಂದ ಗುಣಿಸಿದರೆ 251. ಇನ್ನೊಂದು ಚಿಕ್ಕ ತುಂಡು ಉಳಿಯಿತು: ವ್ಯಾಸಗಳ ವ್ಯತ್ಯಾಸ 60, ಅದರ ವರ್ಗ 3600, ಅದನ್ನು ದೂರದ ನಾಲ್ಕರಷ್ಟು ಅಂದರೆ 1120ರಿಂದ ಭಾಗಿಸಿದರೆ 3. ಒಟ್ಟು 814 ಮಿ.ಮೀ. ನಡುವಿನ ಸಮ ಜೋಡಿಗೆ, ಅಂದರೆ 80-80ಕ್ಕೆ, ಕೊನೆಯ ತುಂಡು ಸೊನ್ನೆ. ಅಲ್ಲಿ 811 ಬರುತ್ತದೆ. ನಾಲ್ಕೂ ಮೆಟ್ಟಿಲಿಗೆ ಒಂದೇ ಬೆಲ್ಟ್ ಸಾಲುವುದು ಯಾಕೆ ಅಂತ ಇಲ್ಲೇ ಗೊತ್ತಾಯಿತಲ್ವಾ? ಎಲ್ಲ ಜೋಡಿಗಳ ಮೊತ್ತ ಒಂದೇ ಇದೆ, ವ್ಯತ್ಯಾಸ ಬರೀ 3 ಮಿ.ಮೀ.

ಈ 814 ಪಿಚ್ ಉದ್ದ, ಅಂದರೆ ಭಾರ ಎಳೆಯುವ ಆ ದಾರದ ಮಟ್ಟದಲ್ಲಿ ಅಳೆದ ಸುತ್ತು. ಬೆಲ್ಟ್ ಮೇಲಿನ ನಂಬರ್ ಮಾತ್ರ ಒಳಸುತ್ತಿನ ಇಂಚು. ಝಡ್‌ನಲ್ಲಿ ಒಳಸುತ್ತು ಪಿಚ್ ಉದ್ದಕ್ಕಿಂತ 22ರಿಂದ 25 ಮಿ.ಮೀ. ಕಮ್ಮಿ. 814ರಲ್ಲಿ 25 ಕಳೆದರೆ 789, ಇಂಚಿನಲ್ಲಿ 31. ನೀವು ಕೇಳಬೇಕಾದದ್ದು ಝಡ್ 31. ಅದು ಸಿಗದಿದ್ದರೆ ಗಾಬರಿ ಬೇಡ. ಒಂದು ನಂಬರ್ ಹೆಚ್ಚುಕಡಿಮೆಯಾದರೆ ಮೋಟರ್ ಸುಮಾರು 13 ಮಿ.ಮೀ. ಜರುಗಿದರೆ ಸಾಕು, ಅಷ್ಟೇ. ನಿಮ್ಮ ಮೋಟರ್ ಪ್ಲೇಟಿನ ಸೀಳುರಂಧ್ರದಲ್ಲಿ ಅಷ್ಟು ಜಾಗ ಇದೆಯಾ ನೋಡಿಕೊಳ್ಳಿ. ಬೆಲ್ಟ್ ಏರಿಸಲು ಸಡಿಲ ಮಾಡುವಷ್ಟು ಜಾಗ ಬೇಕು, ಮುಂದೆ ಬಿಗಿ ಮಾಡಲು ಅದಕ್ಕಿಂತ ಜಾಸ್ತಿ ಬೇಕು.

ಕಚ್ಚುಗಳಿರುವ ಬೆಲ್ಟ್ ಸಿಕ್ಕರೆ ಅದನ್ನೇ ತಗೊಳ್ಳಿ. ಒಳಮೈಯಲ್ಲಿ ಅಡ್ಡಡ್ಡ ಕಚ್ಚು ಇರುತ್ತದೆ, ಪಕ್ಕೆಗೆ ಬಟ್ಟೆಯ ಹೊದಿಕೆ ಇರುವುದಿಲ್ಲ. ಇದನ್ನು ಟೈಮಿಂಗ್ ಬೆಲ್ಟ್ ಅಂದುಕೊಳ್ಳಬೇಡಿ, ಆ ಕಚ್ಚು ಬಗ್ಗಲಿಕ್ಕೆ ಅಷ್ಟೇ. 50 ಮಿ.ಮೀ. ಪುಲ್ಲಿಯ ಮೇಲೆ ಇದು ಆರಾಮಾಗಿ ಓಡುತ್ತದೆ.

ಇನ್ನು ನೀವು ಕೇಳದ, ಆದರೆ ನಿಮ್ಮ ಪತ್ರದಲ್ಲೇ ಇರುವ ಒಂದು ಪ್ರಶ್ನೆ: ನಿಧಾನದ ವೇಗದಲ್ಲೇ ಯಾಕೆ ಜಾರುತ್ತದೆ? ವೇಗ ಜಾಸ್ತಿಯಾದರೆ ಜಾರಬೇಕಿತ್ತಲ್ಲ ಅಂತ ಅನೇಕರಿಗೆ ಅನ್ನಿಸುತ್ತದೆ. ಉಲ್ಟಾ. ಮೋಟರ್ ಯಾವಾಗಲೂ 1440ರಲ್ಲೇ ತಿರುಗುತ್ತದೆ. 50 ಮಿ.ಮೀ. ಮೆಟ್ಟಿಲಿನ ಮೇಲೆ ಬೆಲ್ಟ್ ಸೆಕೆಂಡಿಗೆ 3.8 ಮೀಟರ್ ಓಡುತ್ತದೆ, 95ರ ಮೇಲೆ 7.2 ಮೀಟರ್. ಅರ್ಧ ಎಚ್‌ಪಿ ಅಂದರೆ 373 ವ್ಯಾಟ್. ಅದೇ ಶಕ್ತಿಯನ್ನು ನಿಧಾನವಾಗಿ ಓಡುವ ಬೆಲ್ಟ್ ಸಾಗಿಸಬೇಕಾದರೆ ಜಾಸ್ತಿ ಎಳೆಯಲೇಬೇಕು. ಸಣ್ಣ ಮೆಟ್ಟಿಲಿನಲ್ಲಿ ಆ ಎಳೆತ ಸುಮಾರು 10 ಕೆ.ಜಿ. ಭಾರದಷ್ಟು, ದೊಡ್ಡದರಲ್ಲಿ 5 ಕೆ.ಜಿ. ಚಿಲ್ಲರೆ. ಸಾಲದ್ದಕ್ಕೆ ಸಣ್ಣ ಪುಲ್ಲಿಯಲ್ಲಿ ಬೆಲ್ಟ್ ತಬ್ಬಿಕೊಳ್ಳುವ ಜಾಗವೂ ಕಮ್ಮಿ. ಈ ಮೆಟ್ಟಿಲಿನಲ್ಲಿ ನಿಮ್ಮ ಸ್ಪಿಂಡಲ್ ವೇಗ 655 ಆರ್‌ಪಿಎಂ. ನೀವು ದೊಡ್ಡ ಬಟ್ಟಲು ಕಡೆಯುವುದು ಇಲ್ಲೇ, ಉಳಿಯ ಏಟು 4 ಇಂಚು ದೂರದ ಅಂಚಿಗೆ ಬೀಳುವುದೂ ಆವಾಗಲೇ. ಹೀಗೆ ಬೆಲ್ಟಿಗೆ ಅತಿ ಕಷ್ಟದ ಜಾಗದಲ್ಲೇ ಅತಿ ಭಾರದ ಕೆಲಸ ಬೀಳುತ್ತದೆ. ಲಟ್ಟಣಿಗೆಗೆ ತೊಂದರೆ ಇಲ್ಲದ್ದು ಇದಕ್ಕೇ. ಝಡ್ ಬೆಲ್ಟ್ ಹಾಕಿದ ಮೇಲೂ ಹೊಸ ಬಟ್ಟಲಿನ ಹೊರಮೈ ಇನ್ನೂ ಗುಂಡಗಾಗದೆ ಕುಲುಕುವಾಗ ತೆಳುವಾಗಿಯೇ ಕಡೆಯಿರಿ. ಅರ್ಧ ಎಚ್‌ಪಿ ಅರ್ಧ ಎಚ್‌ಪಿಯೇ.

ಟೈಮಿಂಗ್ ಬೆಲ್ಟಿನ ವಿಷಯಕ್ಕೆ ಬರೋಣ. ನಿಮ್ಮ ಸ್ನೇಹಿತರು ಹೇಳಿದ್ದು ಸುಳ್ಳಲ್ಲ, ಅದು ಜಾರುವುದಿಲ್ಲ. ನನಗೆ ಬೇಡ ಅನ್ನಿಸುವುದೂ ಅದಕ್ಕೇ. ಮರ ಕಡೆಯುವವರಿಗೆ ಉಳಿ ಕಚ್ಚಿಕೊಳ್ಳುವುದು ಅಂದರೆ ಏನು ಅಂತ ಗೊತ್ತು. ಒಂದು ಕ್ಷಣ ಕೈ ಯಾಮಾರಿತು, ಉಳಿಯ ಮೂಲೆ ಮರದೊಳಗೆ ಹೊಕ್ಕಿತು, ಲೇತ್ ಧಡ್ ಅಂತ ನಿಂತಿತು. ಆಗ ವಿ-ಬೆಲ್ಟ್ ಜಾರುತ್ತದೆ. ಮನೆಯ ಫ್ಯೂಸ್ ಹಾರಿದ ಹಾಗೆ. ಜಾರದ ಬೆಲ್ಟಿದ್ದರೆ ಆ ಏಟು ಇನ್ನೆಲ್ಲಾದರೂ ಹೋಗಬೇಕು: ಬೆಲ್ಟಿನ ಹಲ್ಲು ಕಿತ್ತುಬರುತ್ತದೆ, ಇಲ್ಲ ಬಟ್ಟಲು ಅದನ್ನು ಹಿಡಿದಿರುವ ಚಕ್ಕಿನಿಂದ ಹಾರುತ್ತದೆ, ಇಲ್ಲ ನಿಮ್ಮ ಮಣಿಕಟ್ಟು. ಮೇಲಾಗಿ ಟೈಮಿಂಗ್ ಬೆಲ್ಟಿಗೆ ಹಲ್ಲಿನ ಪುಲ್ಲಿಯೇ ಬೇಕು, ನಿಮ್ಮ ನಾಲ್ಕು ಮೆಟ್ಟಿಲಿಗೆ ನಾಲ್ಕು ಜೋಡಿ. ಆ ದುಡ್ಡಿಗೆ ಒಳ್ಳೇ ಚಕ್ಕು ಬರುತ್ತದೆ.

ಲೋಹದ ಲೇತ್ ಇಟ್ಟುಕೊಂಡವರು ಇಲ್ಲೊಂದು ಆಕ್ಷೇಪ ತೆಗೆಯುತ್ತಾರೆ: "ಬೆಲ್ಟ್ ಜಾರಿದರೆ ಕಡೆಯುತ್ತಿರುವ ಸ್ಕ್ರೂವಿನ ಥ್ರೆಡ್ ತಪ್ಪುವುದಿಲ್ಲವಾ?" ತಪ್ಪುವುದಿಲ್ಲ. ಉಳಿಯನ್ನು ಜರುಗಿಸುವ ಲೀಡ್ ಸ್ಕ್ರೂಗೆ ಚಲನೆ ಬರುವುದು ಸ್ಪಿಂಡಲ್‌ನಿಂದ, ಗೇರುಗಳ ಮೂಲಕ. ಮೋಟರಿನಿಂದ ಸ್ಪಿಂಡಲ್‌ಗೆ ಬರುವ ಬೆಲ್ಟ್ ಜಾರಿದರೆ ಎರಡೂ ಒಟ್ಟಿಗೇ ನಿಧಾನವಾಗುತ್ತವೆ. ಥ್ರೆಡ್ಡಿನ ಪಿಚ್, ಅಂದರೆ ಒಂದು ಸುತ್ತಿನಿಂದ ಇನ್ನೊಂದಕ್ಕೆ ಇರುವ ದೂರ, ಹಾಗೇ ಇರುತ್ತದೆ.

ಚೀನಾದ ಸಣ್ಣ ಲೋಹದ ಲೇತ್‌ಗಳಲ್ಲಿ ಹಲ್ಲಿನ ಬೆಲ್ಟ್ ಬರುವುದು ನಿಜ, ಅಲ್ಲಿ ಮೋಟರ್ ಪುಲ್ಲಿ ತೀರಾ ಚಿಕ್ಕದು. ಅವನ್ನು ಬದಲಿಸುವವರಿಗೆ ಒಂದು ಎಚ್ಚರಿಕೆ. ಬೆಲ್ಟ್ ಮೇಲೆ 1.5×70 ಅಂತ ಇದ್ದರೆ ಅದು ಮಾಡ್ಯೂಲ್ (ಹಲ್ಲಿನ ಸೈಜು ಹೇಳುವ ಅಳತೆ) 1.5, ಹಲ್ಲು 70. ಒಂದು ಹಲ್ಲಿನಿಂದ ಇನ್ನೊಂದಕ್ಕೆ 4.71 ಮಿ.ಮೀ., ಸುತ್ತು ಸುಮಾರು 330. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಎಕ್ಸ್‌ಎಲ್ ಅಥವಾ 5 ಎಂ. ಒಂದರ ಪಿಚ್ 5.08, ಇನ್ನೊಂದರದ್ದು 5. ಕೈಯಲ್ಲಿ ಹಿಡಿದು ನೋಡಿದರೆ ಮೂರೂ ಒಂದೇ ಥರ. ಪುಲ್ಲಿಗೆ ಸುತ್ತಿದರೆ ಮೂರನೇ ನಾಲ್ಕನೇ ಹಲ್ಲಿಗೆ ಏರಿ ಕೂರುತ್ತದೆ. ಹತ್ತು ಹಲ್ಲಿನ ಉದ್ದ ಅಳೆದು ಹೋಲಿಸಿ: ಮಾಡ್ಯೂಲ್ 1.5ಕ್ಕೆ 47, 5 ಎಂಗೆ 50, ಎಕ್ಸ್‌ಎಲ್‌ಗೆ 51. ಆಗ ಮೋಸ ಹೋಗುವುದಿಲ್ಲ.

ಎರಡನೇ ಸ್ನೇಹಿತರ ಗೆರೆಗೆರೆ ಬೆಲ್ಟ್ ಇದೆಯಲ್ಲ, ಅದಕ್ಕೆ ನನ್ನ ಮನಸ್ಸಿನಲ್ಲಿ ಒಳ್ಳೇ ಜಾಗ ಇದೆ. ಪಾಲಿ-ವಿ ಅನ್ನುತ್ತಾರೆ. ಚಪ್ಪಟೆ ಬೆಲ್ಟಿನ ಒಳಮೈಗೆ ಉದ್ದುದ್ದ ಸಣ್ಣ ವಿ ಗೆರೆಗಳು. ಸಣ್ಣ ಯಂತ್ರಗಳಿಗೆ ಪಿಜೆ ಸೆಕ್ಷನ್, ಗೆರೆಯಿಂದ ಗೆರೆಗೆ 2.34 ಮಿ.ಮೀ. ತೆಳ್ಳಗಿರುವುದರಿಂದ 20 ಮಿ.ಮೀ. ಪುಲ್ಲಿಗೂ ಸುತ್ತಿಕೊಳ್ಳುತ್ತದೆ, ಸದ್ದಿಲ್ಲ, ನಡುಕವಿಲ್ಲ. ಈಚೆಗೆ ಬರುವ ಎಷ್ಟೋ ಸಣ್ಣ ಮರದ ಲೇತ್‌ಗಳಲ್ಲಿ ಇದೇ ಇರುತ್ತದೆ. ತೆಗೆದಿಟ್ಟ ಟ್ರೆಡ್‌ಮಿಲ್ ಮೋಟರ್ ಜೋಡಿಸುವವರಿಗಂತೂ ಪುಲ್ಲಿಯೇ ಜೊತೆಗೆ ಬಂದಿರುತ್ತದೆ. ಹೊಸದಾಗಿ ಲೇತ್ ಕಟ್ಟುವವರಿಗೆ ನಾನು ಹೇಳುವುದು ಇದನ್ನೇ. ನಿಮಗೆ ಹೇಳುವುದಿಲ್ಲ, ಯಾಕೆಂದರೆ ನಿಮ್ಮ ಹತ್ತಿರ ಚೆನ್ನಾಗಿರುವ ಝಡ್ ಪುಲ್ಲಿ ಜೋಡಿ ಆಗಲೇ ಇದೆ. ಮುಂದೆಂದಾದರೂ ಕೊಳ್ಳುವುದಾದರೆ ನಂಬರ್ ಓದುವುದು ಹೀಗೆ: 6ಪಿಜೆ660 ಅಂದರೆ ಆರು ಗೆರೆ, 660 ಮಿ.ಮೀ. ಅದನ್ನೇ ಅಮೆರಿಕದ ರೀತಿಯಲ್ಲಿ 260ಜೆ6 ಅಂತ ಬರೆಯುತ್ತಾರೆ, ಅಂದರೆ 26.0 ಇಂಚು. ಎರಡೂ ಒಂದೇ ಬೆಲ್ಟ್.

ಗುಂಡನೆಯ ಬೆಲ್ಟ್ ಬಗ್ಗೆ ಒಂದು ಮಾತು. ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ನಿನ ಚರ್ಮದ ದಾರ, ಅದರ ತುದಿಗೆ ತಂತಿಯ ಕೊಕ್ಕೆ, ನೋಡಿರುತ್ತೀರಿ. ಗಡಿಯಾರ ರಿಪೇರಿಯವರ ಪುಟ್ಟ ಲೇತ್‌ಗೆ ಅದು ಸಾಕು. ಈಗ ಪಾಲಿಯುರಿಥೇನ್ ದಾರ ಬಂದಿದೆ, ತುದಿಗಳನ್ನು ಬಿಸಿ ಚಾಕುವಿಗೆ ತಾಗಿಸಿ ಕರಗಿಸಿ ಅಂಟಿಸಬಹುದು. ಅರ್ಧ ಎಚ್‌ಪಿಗೆ ಇವು ಯಾವುವೂ ಆಗುವುದಿಲ್ಲ.

ಹೊಸ ಬೆಲ್ಟ್ ತರುವ ಮೊದಲು ಐದು ನಿಮಿಷದ ಒಂದು ಪರೀಕ್ಷೆ ಮಾಡಿ. ಪ್ಲಗ್ ಕಿತ್ತು, ಮೋಟರ್ ಶಾಫ್ಟಿನ ತುದಿಯಿಂದ ಪುಲ್ಲಿಯ ಮುಖದ ಮೇಲೆ ಹಾಯುವಂತೆ ಸೀಮೆಸುಣ್ಣದ ಒಂದು ಗೆರೆ ಎಳೆಯಿರಿ. ಸ್ಪಿಂಡಲ್ ಕಡೆಯೂ ಹಾಗೇ. ಮತ್ತೆ ಲೇತ್ ಓಡಿಸಿ, ಜಾರುವ ತನಕ ಭಾರ ಹಾಕಿ, ನಿಲ್ಲಿಸಿ, ಪ್ಲಗ್ ಕಿತ್ತು ನೋಡಿ. ಗೆರೆ ತುಂಡಾಗಿ ಅರ್ಧ ಅಲ್ಲಿ ಅರ್ಧ ಇಲ್ಲಿ ಆಗಿದ್ದರೆ ಜಾರುತ್ತಿರುವುದು ಬೆಲ್ಟ್ ಮಾತ್ರ ಅಲ್ಲ, ಪುಲ್ಲಿಯೂ ಶಾಫ್ಟಿನ ಮೇಲೆ ತಿರುಗುತ್ತಿದೆ. ಪುಲ್ಲಿಯನ್ನು ಶಾಫ್ಟಿಗೆ ಬಿಗಿಯುವ ಗ್ರಬ್ ಸ್ಕ್ರೂ ಸಡಿಲವಾಗಿದೆ, ಇಲ್ಲ ಎರಡರ ನಡುವೆ ಸಿಕ್ಕಿಸಿದ ಕೀ ಸವೆದಿದೆ. ಇದನ್ನು ನೋಡದೆ ಮೂರು ಮೂರು ಬೆಲ್ಟ್ ಬದಲಿಸಿದವರು ನನಗೆ ಗೊತ್ತು.

ಆಮೇಲೆ ಉದ್ದದ ಸ್ಟೀಲ್ ಸ್ಕೇಲ್ ಒಂದನ್ನು ಎರಡೂ ಪುಲ್ಲಿಗಳ ಎದುರು ಅಡ್ಡ ಇಡಿ. ಎದುರುಬದುರಿನ ಮೆಟ್ಟಿಲುಗಳು ಒಂದೇ ಸಾಲಿನಲ್ಲಿರಬೇಕು. ಒಂದು ಕಡೆ ವಾಲಿದ್ದರೆ ಬೆಲ್ಟಿನ ಒಂದೇ ಪಕ್ಕೆ ಸವೆಯುತ್ತದೆ, ಕಪ್ಪು ಪುಡಿ ಮತ್ತೆ ಬೀಳುತ್ತದೆ.

ಬಿಗಿ ಎಷ್ಟು? ಎರಡು ಪುಲ್ಲಿಗಳ ಮಧ್ಯೆ ಹೆಬ್ಬೆರಳಿನಿಂದ ಒತ್ತಿ. ನಿಮ್ಮ ದೂರಕ್ಕೆ 4-5 ಮಿ.ಮೀ. ತಗ್ಗಿದರೆ ಸರಿ. ವೀಣೆಯ ತಂತಿ ಹಾಗೆ ಮಿಡಿಯುವಷ್ಟು ಬಿಗಿ ಮಾಡಿದರೆ ಪೆಟ್ಟು ಬೀಳುವುದು ಮೋಟರಿನ ಬೇರಿಂಗ್‌ಗೆ. ಹೊಸ ಬೆಲ್ಟ್ ಅರ್ಧ ಗಂಟೆ ಓಡಿದ ಮೇಲೆ ಗ್ರೂವ್‌ನಲ್ಲಿ ಕೂತು ಸ್ವಲ್ಪ ಸಡಿಲವಾಗುತ್ತದೆ, ಆಗ ಇನ್ನೊಮ್ಮೆ ಬಿಗಿ ಮಾಡಿ. ಗಿರಣಿಯವರು ಚಪ್ಪಟೆ ಪಟ್ಟಾಕ್ಕೆ ರಾಳ ಹಚ್ಚುವುದನ್ನು ನೋಡಿ ಇದಕ್ಕೂ ಹಚ್ಚಬೇಡಿ. ವಿ-ಬೆಲ್ಟಿಗೆ ಅದು ಬೇಡ, ಮರದ ಪುಡಿ ಅಂಟಿ ಗಟ್ಟಿಯಾಗುತ್ತದೆ ಅಷ್ಟೇ.

ಮೆಟ್ಟಿಲು ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಬೆಲ್ಟನ್ನು ಕೈಯಿಂದ ತಿರುಗಿಸಿ ಏರಿಸುವಾಗ ಬೆರಳು ಬೆಲ್ಟ್ ಮತ್ತು ಪುಲ್ಲಿಯ ಸಂದಿಗೆ ಹೋಗುವ ಕಡೆ ಇರಬಾರದು, ಹೊರಬರುವ ಕಡೆ ಇರಬೇಕು. ಫೋಟೋದಲ್ಲಿ ಬೆಲ್ಟಿನ ಮುಚ್ಚಳ ಗೋಡೆಗೆ ಒರಗಿ ನಿಂತಿದೆ. ಅದು ಲೇತ್ ಮೇಲಿರಲಿ ಸಾರ್. ಪಂಚೆ, ಹೆಗಲ ಮೇಲಿನ ಟವೆಲ್ ಎರಡೂ ಬೇಡ.

ಒಂದು ತಲೆನೋವು ಬಾಕಿ ಇದೆ. ನಿಮ್ಮ ಸ್ಪಿಂಡಲ್ ಪುಲ್ಲಿ ಎರಡು ಬೇರಿಂಗ್‌ಗಳ ನಡುವೆ ಇದೆ. ಬೆಲ್ಟ್ ಬದಲಿಸಬೇಕಾದರೆ ಸ್ಪಿಂಡಲ್ಲನ್ನೇ ಕಳಚಬೇಕು. ಈಗ ಹೇಗೂ ಕಳಚುತ್ತೀರಿ, ಒಂದರ ಬದಲು ಎರಡು ಝಡ್ 31 ತಗೊಂಡು ಬನ್ನಿ. ಎರಡನ್ನೂ ಸ್ಪಿಂಡಲ್‌ಗೆ ಪೋಣಿಸಿ, ಒಂದನ್ನು ಪುಲ್ಲಿಗೆ ಹಾಕಿ, ಇನ್ನೊಂದನ್ನು ತಿರುಗುವ ಯಾವುದಕ್ಕೂ ತಾಗದ ಹಾಗೆ ಸ್ಪಿಂಡಲ್ ಇರುವ ಹೆಡ್‌ಸ್ಟಾಕ್ ಒಳಗೆ ಕಟ್ಟಿಡಿ. ಮೊದಲನೆಯದು ಹರಿದ ದಿನ ಬಿಚ್ಚುವ ಕೆಲಸ ಉಳಿಯಿತು. ಒಳಗೆ ಅಷ್ಟು ಜಾಗವಿಲ್ಲದಿದ್ದರೆ ಲಿಂಕ್ ಬೆಲ್ಟ್ ಅಂತ ಬರುತ್ತದೆ, ಸಣ್ಣ ಸಣ್ಣ ಕೊಂಡಿಗಳನ್ನು ಒಂದಕ್ಕೊಂದು ಸಿಕ್ಕಿಸಿ ಮಾಡಿದ್ದು. ಸ್ಪಿಂಡಲ್ ಕಳಚದೆ ಅಲ್ಲೇ ಸುತ್ತಿ ಜೋಡಿಸಬಹುದು. ಝಡ್ ಅಗಲದ್ದೇ ಕೇಳಿ, ಬಾಣದ ಗುರುತು ತಿರುಗುವ ದಿಕ್ಕಿಗೆ ಇರಲಿ. ಕೈಯಲ್ಲಿ ಎಳೆದು ಅಳೆದ ಉದ್ದಕ್ಕಿಂತ 24 ಕೊಂಡಿಗೆ ಒಂದರಂತೆ ಕಮ್ಮಿ ಮಾಡಿದರೆ ಬಿಗಿ ಸರಿ ಬರುತ್ತದೆ. ದುಬಾರಿ ಅನ್ನುವುದೊಂದೇ ಕೊರತೆ.

ತೆಗೆದ ಎ ಬೆಲ್ಟ್ ಎಸೆಯಬೇಡಿ. ಒಂದು ಕಡೆ ಕತ್ತರಿಸಿ, ಎರಡೂ ತುದಿಗಳನ್ನು ಒಂದು ಮರದ ಹಿಡಿಗೆ ಬೋಲ್ಟ್ ಹಾಕಿ ಕುಣಿಕೆ ಮಾಡಿಟ್ಟುಕೊಳ್ಳಿ. ಬಿಗಿಯಾಗಿ ಕೂತ ಫೇಸ್‌ಪ್ಲೇಟ್ (ಸ್ಪಿಂಡಲ್ ತುದಿಯಲ್ಲಿ ಮರ ಬಿಗಿಯುವ ತಟ್ಟೆ) ಬಿಚ್ಚಲು ಅದರಷ್ಟು ಚೆನ್ನಾದ ಸಾಮಾನಿಲ್ಲ. ನಮ್ಮ ಮನೆಯಲ್ಲಿ ಆರ್‌ಓ ಫಿಲ್ಟರಿನ ಬಟ್ಟಲು ತಿರುಗಿಸಲೂ ಅದೇ.